ಸಕ್ಕರೆಯಿಲ್ಲದ ಸಿಹಿ

ಚಳಿಗಾಲದ ಬೆಳಗಿನಲ್ಲಿ ಕಂಪ್ಲಿಯಿಂದ ಹೊಸಪೇಟೆಯ ಕಡೆಗೆ ಬಸ್ಸಿನಲ್ಲಿ ಬರುವವರಿಗೆ ದಾರಿಯಲ್ಲಿ ಎಲ್ಲಿಯಾದರೂ ಒಂದು ಕಡೆ ಆಲೆಮನೆಯ ವಾಸನೆ ಮೂಗಿಗೆ ತಾಗದೆ ಇರುವುದಿಲ್ಲ. ಕುದಿಯುವ ಕಬ್ಬಿನ ಹಾಲಿನ ಆ ಘಮವನ್ನು ಒಮ್ಮೆ ಉಂಡವರು ಮರೆಯುವುದೂ ಇಲ್ಲ. ವಿಜಯನಗರದ ಅರಸರ ಕಾಲದಿಂದ ಹರಿಯುತ್ತಿರುವ ರಾಯ ಕಾಲುವೆ, ಬಸವಣ್ಣ ಕಾಲುವೆ, ತುರ್ತು ಕಾಲುವೆಗಳು ಇಂದಿಗೂ ಈ ಭಾಗದ ಭತ್ತ, ಬಾಳೆ, ಕಬ್ಬುಗಳಿಗೆ ನೀರುಣಿಸುತ್ತಿವೆ. ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ಸ್ವಾತಂತ್ರ್ಯಕ್ಕೆ ಮೊದಲೇ ಸಕ್ಕರೆ ಕಾರ್ಖಾನೆಯೊಂದು ನಿಂತಿತ್ತು. ಅದು ಬಾಗಿಲು ಮುಚ್ಚಿದ ಮೇಲೆ ರೈತರು ಕಬ್ಬನ್ನು ದೂರದ ಕಾರ್ಖಾನೆಗಳಿಗೆ ಸಾಗಿಸುತ್ತಾರೆ, ಇಲ್ಲವೇ ಆಲೆಮನೆಗೆ ಕೊಡುತ್ತಾರೆ. ಅಂದರೆ ಇದು ಸಿಹಿಯ ಸೀಮೆ.

ಇಂಥ ಸೀಮೆಯಲ್ಲಿ ಇಂದು ಯಾವ ಚಹಾದಂಗಡಿಯ ಮುಂದೆ ನಿಂತರೂ ‘ಎರಡು ಸಾದಾ, ಒಂದು ಶುಗರ್‌ಲೆಸ್’ ಎಂಬ ಕೂಗು ಕೇಳಿಸುತ್ತದೆ. ಶುಗರ್‌ಲೆಸ್ ಕೇಳಿದವರು ಅಂಗಿಯ ಜೇಬಿನಿಂದ ಬೆರಳುಗಾತ್ರದ ಡಬ್ಬಿಯನ್ನು ತೆಗೆದು, ಅದರ ತುದಿ ಒತ್ತಿ, ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಒಂದು ಬಿಳಿಯ ಗುಳಿಗೆಯನ್ನು ಲೋಟಕ್ಕೆ ಬೀಳಿಸಿಕೊಳ್ಳುತ್ತಾರೆ. ಅಷ್ಟಕ್ಕೇ ಚಹಾ ಸಿಹಿಯಾಗುತ್ತದೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಮಧುಮೇಹಿಗಳ ಸಂಖ್ಯೆ ಸುಮಾರು 10 ಕೋಟಿ 10 ಲಕ್ಷ. ಆದ್ದರಿಂದ ಆ ಡಬ್ಬಿ ಈಗ ಅಪರೂಪದ ವಸ್ತುವೇನಲ್ಲ. ನಿಮ್ಮ ಮನೆಯಲ್ಲೇ ಅಜ್ಜನ ದಿಂಬಿನ ಪಕ್ಕದಲ್ಲಿ ಇರಬಹುದು.

ಆ ಗುಳಿಗೆಯಲ್ಲಿ ಇರುವುದೇನು? ಅದು ಒಳ್ಳೆಯದೇ, ಕೆಟ್ಟದ್ದೇ? ಈ ವಿಷಯದಲ್ಲಿ ‘ಅದು ಶುದ್ಧ ವಿಷ’ ಎನ್ನುವವರೂ ‘ಏನೂ ಆಗುವುದಿಲ್ಲ, ಎಷ್ಟು ಬೇಕಾದರೂ ಹಾಕಿಕೊಳ್ಳಿ’ ಎನ್ನುವವರೂ ಸಮ ಸಂಖ್ಯೆಯಲ್ಲಿ ಸಿಗುತ್ತಾರೆ. ಇಬ್ಬರ ಮಾತನ್ನೂ ಸ್ವಲ್ಪ ಬದಿಗಿಟ್ಟು, ಮೊದಲು ಸಿಹಿ ಎಂದರೇನೆಂದು ನೋಡೋಣ.

ಸಕ್ಕರೆಯ ಸಿಹಿ ಸಕ್ಕರೆಯಲ್ಲಿಲ್ಲ, ನಮ್ಮ ನಾಲಗೆಯಲ್ಲಿದೆ ಎಂದರೆ ವಿದ್ಯಾರ್ಥಿಗಳಿಗೆ ವಿಚಿತ್ರವೆನಿಸಬಹುದು. ನಾಲಗೆಯ ರುಚಿಮೊಗ್ಗುಗಳ ಜೀವಕೋಶಗಳ ಮೇಲೆ ಎರಡು ಪ್ರೋಟೀನುಗಳು ಜೊತೆಗೂಡಿ ನಿರ್ಮಿಸಿರುವ ಒಂದು ಗ್ರಾಹಕವಿದೆ. ಇದನ್ನು ಬೀಗ ಎಂದುಕೊಳ್ಳಿ. ಸಕ್ಕರೆಯ ಅಣು ಈ ಬೀಗಕ್ಕೆ ಹೊಂದುವ ಕೀಲಿ. ಕೀಲಿ ತಾಗಿದೊಡನೆ ಕೋಶವು ನರದ ಮೂಲಕ ಮಿದುಳಿಗೆ ಸುದ್ದಿ ಕಳಿಸುತ್ತದೆ. ಆಗ ನಾವು ‘ಸಿಹಿ’ ಎನ್ನುತ್ತೇವೆ. ಈ ಗ್ರಾಹಕದ ಗುರುತು ಸಿಕ್ಕಿದ್ದು 2001ರ ಸುಮಾರಿಗೆ. ಬೆಕ್ಕುಗಳಲ್ಲಿ ಈ ಬೀಗದ ಒಂದು ಭಾಗವನ್ನು ಕಟ್ಟುವ ವಂಶವಾಹಿಯೇ ಕೆಟ್ಟುಹೋಗಿದೆಯೆಂದು 2005ರಲ್ಲಿ ತಿಳಿದುಬಂತು. ಪಾಯಸದ ಪಾತ್ರೆಗೆ ಬಾಯಿ ಹಾಕುವ ಬೆಕ್ಕು ಹಾಲು ಕೊಬ್ಬಿನ ಆಸೆಗೆ ಬರುತ್ತದೆಯೇ ಹೊರತು ಸಿಹಿಗಾಗಿ ಅಲ್ಲ, ಪಾಪ.

ನಮ್ಮ ಕುರುಚಲು ಕಾಡುಗಳಲ್ಲಿ ಸಿಗುವ ಮಧುನಾಶಿನಿ ಎಂಬ ಬಳ್ಳಿಯನ್ನು ಹಳ್ಳಿಯ ಹಿರಿಯರು ಬಲ್ಲರು. ಅದರ ಎಲೆಯನ್ನು ಅಗಿದು ಉಗುಳಿ ಬಾಯಿಗೆ ಸಕ್ಕರೆ ಹಾಕಿಕೊಂಡರೆ ಮರಳು ಜಗಿದಂತಾಗುತ್ತದೆ. ಅರ್ಧ ಗಂಟೆಯ ಹೊತ್ತು ಸಿಹಿ ತಿಳಿಯುವುದಿಲ್ಲ. ಎಲೆಯಲ್ಲಿರುವ ರಾಸಾಯನಿಕ ಆ ಬೀಗಕ್ಕೆ ಅಡ್ಡ ಕೂರುತ್ತದೆ. ಸಕ್ಕರೆ ಬಾಯಲ್ಲೇ ಇದೆ, ಸಿಹಿ ಮಾತ್ರ ಇಲ್ಲ. ಕೃತಕ ಸಿಹಿಕಾರಕಗಳು ಇದರ ತದ್ವಿರುದ್ಧ. ಅಲ್ಲಿ ಸಿಹಿ ಇದೆ, ಸಕ್ಕರೆ ಇಲ್ಲ. ಸಕ್ಕರೆಯ ಅಣುವಿಗಿಂತ ನೂರಾರು ಪಟ್ಟು ಬಲವಾಗಿ ಬೀಗವನ್ನು ತಟ್ಟುವ ಕಳ್ಳಕೀಲಿಗಳು ಅವು. ಒಂದು ಗ್ರಾಂ ಸಕ್ಕರೆಯಿಂದ ನಮಗೆ 4 ಕ್ಯಾಲೊರಿ ಶಕ್ತಿ ಸಿಗುತ್ತದೆ. ಸ್ಯಾಕರಿನ್‌ನಂಥ ವಸ್ತುವನ್ನು ದೇಹ ಒಡೆಯುವುದೇ ಇಲ್ಲ, ಬಂದ ಹಾಗೆಯೇ ಮೂತ್ರದಲ್ಲಿ ಹೊರಗೆ ಕಳಿಸುತ್ತದೆ.

ಈ ವಸ್ತುಗಳು ಸಿಕ್ಕಿದ ಬಗೆಯೂ ಸ್ವಾರಸ್ಯಕರವಾಗಿದೆ. 1879ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಐರಾ ರೆಮ್ಸನ್ ಅವರ ಪ್ರಯೋಗಾಲಯದಲ್ಲಿ ಕಾನ್‌ಸ್ಟಂಟಿನ್ ಫಾಲ್‌ಬರ್ಗ್ ಎಂಬ ರಸಾಯನ ವಿಜ್ಞಾನಿ ಕಲ್ಲಿದ್ದಲ ಟಾರಿನಿಂದ ದೊರೆಯುವ ವಸ್ತುಗಳ ಮೇಲೆ ಕೆಲಸ ಮಾಡುತ್ತಿದ್ದರು. ಒಂದು ಸಂಜೆ ಕೈ ತೊಳೆಯದೆ ಊಟಕ್ಕೆ ಕುಳಿತರು. ಬ್ರೆಡ್ಡು ವಿಪರೀತ ಸಿಹಿ. ಕೈ ನೆಕ್ಕಿ ನೋಡಿದರೆ ಕೈಯೇ ಸಿಹಿ! ಪ್ರಯೋಗಾಲಯಕ್ಕೆ ಓಡಿ ಕಂಡಕಂಡ ಬಟ್ಟಲುಗಳನ್ನು ರುಚಿ ನೋಡಿ ಸ್ಯಾಕರಿನ್ ಪತ್ತೆ ಹಚ್ಚಿದರಂತೆ. ಇದು ಸಕ್ಕರೆಗಿಂತ ಸುಮಾರು 300ರಿಂದ 500 ಪಟ್ಟು ಸಿಹಿ. ಪೇಟೆಂಟು ಫಾಲ್‌ಬರ್ಗ್ ಒಬ್ಬರ ಹೆಸರಿಗೇ ಹೋದದ್ದರಿಂದ ರೆಮ್ಸನ್ ಕೊನೆಯವರೆಗೂ ಕಹಿಯಾಗಿಯೇ ಉಳಿದರು.

1937ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಮೈಕೇಲ್ ಸ್ವೇಡಾ ಪ್ರಯೋಗಾಲಯದ ಮೇಜಿನ ಮೇಲಿಟ್ಟಿದ್ದ ಸಿಗರೇಟನ್ನು ಮತ್ತೆ ತುಟಿಗೆ ಇಟ್ಟಾಗ ಸಿಹಿಯೆನಿಸಿ ಸೈಕ್ಲಮೇಟ್ ಸಿಕ್ಕಿತು. 1965ರಲ್ಲಿ ಹೊಟ್ಟೆಯ ಹುಣ್ಣಿನ ಔಷಧಿಗಾಗಿ ದುಡಿಯುತ್ತಿದ್ದ ಜೇಮ್ಸ್ ಶ್ಲಾಟರ್ ಕಾಗದ ಎತ್ತಿಕೊಳ್ಳಲು ಬೆರಳು ನೆಕ್ಕಿಕೊಂಡರು, ಆಸ್ಪರ್ಟೇಮ್ ದೊರೆಯಿತು. 1967ರಲ್ಲಿ ಜರ್ಮನಿಯ ಕಾರ್ಲ್ ಕ್ಲಾಸ್ ಅವರಿಗೂ ಹೀಗೆಯೇ ಬೆರಳ ತುದಿಯಿಂದ ಆಸಿಸಲ್ಫೇಮ್ ಸಿಕ್ಕಿತು. 1976ರ ಕಥೆ ನಮ್ಮವರದೇ. ಲಂಡನ್ನಿನ ಕಾಲೇಜೊಂದರಲ್ಲಿ ಪ್ರೊಫೆಸರ್ ಲೆಸ್ಲಿ ಹಫ್ ಅವರ ಬಳಿ ಸಂಶೋಧನೆ ಮಾಡುತ್ತಿದ್ದ ಭಾರತೀಯ ಶಶಿಕಾಂತ ಫಡ್ನಿಸ್ ಅವರಿಗೆ ಕ್ಲೋರಿನ್ ಸೇರಿಸಿದ ಸಕ್ಕರೆಯೊಂದನ್ನು ‘ಟೆಸ್ಟ್’ ಮಾಡಲು ಹೇಳಲಾಯಿತು. ಅವರಿಗೆ ಅದು ‘ಟೇಸ್ಟ್’ ಎಂದು ಕೇಳಿಸಿತು. ನಾಲಗೆಗೆ ಇಟ್ಟರು. ಸಕ್ಕರೆಗಿಂತ ಸುಮಾರು 600 ಪಟ್ಟು ಸಿಹಿಯಾದ ಸುಕ್ರಲೋಸ್ ಹೀಗೆ ಹುಟ್ಟಿತು.

ಪಿ.ಯು.ಸಿ. ವಿಜ್ಞಾನದ ವಿದ್ಯಾರ್ಥಿಗಳು ಇದನ್ನು ಓದಿ ತಮ್ಮ ಕಾಲೇಜಿನ ರಸಾಯನ ಪ್ರಯೋಗಾಲಯದಲ್ಲಿ ಅದೃಷ್ಟ ಪರೀಕ್ಷೆಗೆ ಇಳಿಯಬಾರದು. ಬೆರಳು ನೆಕ್ಕಿ ಪ್ರಸಿದ್ಧರಾದವರ ಹೆಸರು ಚರಿತ್ರೆಯಲ್ಲಿದೆ. ನೆಕ್ಕಿ ಆಸ್ಪತ್ರೆ ಸೇರಿದವರ ಹೆಸರನ್ನು ಯಾರೂ ಬರೆದಿಟ್ಟಿಲ್ಲ.

ಈಗ ಪ್ರಮಾಣದ ಮಾತು. ದೂರದರ್ಶನದ ಮಾತುಕತೆಯಲ್ಲಿ ಲೆಕ್ಕ ಬಿಡಿಸಲು ಸಮಯ ಸಾಲುವುದಿಲ್ಲ, ಪುಸ್ತಿಕೆಯಲ್ಲಿ ಆ ತೊಂದರೆಯಿಲ್ಲ.

ಹಂಪಿಗೆ ಹೋದವರು ವಿಜಯ ವಿಠ್ಠಲ ದೇವಾಲಯದ ಸಮೀಪ ಎರಡು ಎತ್ತರದ ಕಲ್ಲುಕಂಬಗಳು ಮತ್ತು ಅವುಗಳ ಮೇಲಿನ ಅಡ್ಡತೊಲೆಯನ್ನು ನೋಡಿರುತ್ತೀರಿ. ಅದೇ ಅರಸರ ತುಲಾಭಾರದ ತಕ್ಕಡಿ. ಒಂದು ತಟ್ಟೆಯಲ್ಲಿ ರಾಜ, ಇನ್ನೊಂದರಲ್ಲಿ ಅವನ ತೂಕದ ಚಿನ್ನ. ದಾನದ ಪ್ರಮಾಣ ರಾಜನ ಮೈತೂಕಕ್ಕೆ ತಕ್ಕಷ್ಟು. ಆಹಾರದಲ್ಲಿ ಸೇರುವ ವಸ್ತುಗಳ ಸುರಕ್ಷಿತ ಪ್ರಮಾಣವನ್ನು ವಿಜ್ಞಾನಿಗಳು ಅಳೆಯುವುದೂ ಸರಿಸುಮಾರು ಇದೇ ನ್ಯಾಯದಿಂದ. ಮೊದಲು ಪ್ರಾಣಿಗಳಿಗೆ ಆ ವಸ್ತುವನ್ನು ಬೇರೆ ಬೇರೆ ಪ್ರಮಾಣದಲ್ಲಿ ತಿನ್ನಿಸಿ, ಯಾವ ಪ್ರಮಾಣದವರೆಗೆ ಯಾವ ಕೆಡುಕೂ ಕಾಣಲಿಲ್ಲವೋ ಅದನ್ನು ಗುರುತು ಹಾಕುತ್ತಾರೆ. ಅದನ್ನು ಸಾಮಾನ್ಯವಾಗಿ 100ರಿಂದ ಭಾಗಿಸುತ್ತಾರೆ. ಪ್ರಾಣಿಗಿಂತ ಮನುಷ್ಯ ಸೂಕ್ಷ್ಮವಾಗಿರಬಹುದೆಂದು 10, ಮನುಷ್ಯರಲ್ಲೇ ಒಬ್ಬರಿಗಿಂತ ಒಬ್ಬರು ಸೂಕ್ಷ್ಮವಾಗಿರಬಹುದೆಂದು ಮತ್ತೆ 10. ಬಂದ ಉತ್ತರವೇ ಜೀವಮಾನವಿಡೀ ದಿನವೂ ಸೇವಿಸಿದರೂ ಹಾನಿಯಾಗದೆಂದು ನಂಬಬಹುದಾದ ಪ್ರಮಾಣ. ಇದು ಮೈತೂಕದ ಪ್ರತಿ ಕಿಲೋಗ್ರಾಮಿಗೆ ಇಷ್ಟು ಮಿಲಿಗ್ರಾಂ ಎಂದು ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ-ಕೃಷಿ ಸಂಸ್ಥೆಗಳ ಜಂಟಿ ತಜ್ಞರ ಸಮಿತಿ ಆಸ್ಪರ್ಟೇಮಿಗೆ 40 ಮಿಲಿಗ್ರಾಂ, ಸುಕ್ರಲೋಸಿಗೆ 15, ಸ್ಯಾಕರಿನ್ನಿಗೆ 5 ಎಂದು ನಿಗದಿ ಮಾಡಿದೆ.

70 ಕಿಲೋ ತೂಕದ ವಯಸ್ಕನಿಗೆ ಆಸ್ಪರ್ಟೇಮಿನ ಮಿತಿ 2,800 ಮಿಲಿಗ್ರಾಂ. ಒಂದು ಡಬ್ಬಿ ‘ಡಯಟ್’ ಪಾನೀಯದಲ್ಲಿ 200ರಿಂದ 300 ಮಿಲಿಗ್ರಾಂ ಇದ್ದರೆ, ಮಿತಿ ದಾಟಲು ಅವನು ದಿನಕ್ಕೆ 9ರಿಂದ 14 ಡಬ್ಬಿಗಳಿಗಿಂತ ಹೆಚ್ಚು ಕುಡಿಯಬೇಕು. ಆದರೆ ಅದೇ ತಕ್ಕಡಿಯಲ್ಲಿ ರಾಜನ ಬದಲು 20 ಕಿಲೋ ತೂಕದ ಒಂದನೇ ತರಗತಿಯ ಮಗುವನ್ನು ಕೂರಿಸಿ ನೋಡಿ. ಮಿತಿ 800 ಮಿಲಿಗ್ರಾಮಿಗೆ ಇಳಿಯಿತು. ಮೂರು ನಾಲ್ಕು ಡಬ್ಬಿ ಸಾಕು. ಸ್ಯಾಕರಿನ್ ಆದರೆ ಆ ಮಗುವಿಗೆ ಮಿತಿ 100 ಮಿಲಿಗ್ರಾಂ ಮಾತ್ರ. ಒಂದು ಚಮಚ ಎಂದರೆ 5 ಗ್ರಾಂ ಸಕ್ಕರೆಯ ಸಿಹಿಯನ್ನು ಕೊಡಲು ಸುಮಾರು 12 ಮಿಲಿಗ್ರಾಂ ಸ್ಯಾಕರಿನ್ ಬೇಕು. ಮೂರು ಚಮಚ ಸಕ್ಕರೆಯಷ್ಟು ಸಿಹಿಯಾದ ಒಂದು ಐಸ್ ಕ್ಯಾಂಡಿಯನ್ನು ಪೂರಾ ಸ್ಯಾಕರಿನ್ನಿನಿಂದಲೇ ಮಾಡಿದ್ದರೆ ಅದರಲ್ಲಿ 36 ಮಿಲಿಗ್ರಾಂ ಆಯಿತು. ಬಿಸಿಲು 40 ಡಿಗ್ರಿ ದಾಟುವ ಏಪ್ರಿಲ್ ಮೇ ತಿಂಗಳಲ್ಲಿ ಮಕ್ಕಳು ಮೂರು ಕ್ಯಾಂಡಿ ಚೀಪುವುದು ದೊಡ್ಡ ಮಾತೇ? ಮಿತಿ ದಾಟಿತು. ಒಂದು ದಿನ ದಾಟಿದ ಮಾತ್ರಕ್ಕೆ ಮಗು ಕಾಯಿಲೆ ಬೀಳುವುದಿಲ್ಲ, ಏಕೆಂದರೆ ಮಿತಿಯಲ್ಲೇ ನೂರು ಪಟ್ಟು ಎಚ್ಚರಿಕೆ ಅಡಗಿದೆ. ದಿನವೂ ದಾಟುವುದು ಬೇರೆ ವಿಷಯ.

ಇಲ್ಲಿ ನಿಜವಾದ ಕಷ್ಟ ಬೇರೆಯೇ ಇದೆ. ಕಾರ್ಖಾನೆಯ ಬಾಟಲಿಯ ಮೇಲೆ ಚೀಟಿ ಇರುತ್ತದೆ. ಪ್ಲಾಸ್ಟಿಕ್ ಕೊಳವೆಯಲ್ಲಿ ತುಂಬಿದ, ಹೆಸರಿಲ್ಲದ ಬಣ್ಣದ ಐಸಿನ ಮೇಲೆ ಏನೂ ಇರುವುದಿಲ್ಲ. ಸಕ್ಕರೆ ದುಬಾರಿ, ಸ್ಯಾಕರಿನ್ ಅಗ್ಗ. ಅಳತೆಯಿಲ್ಲದೆ ಚಿಟಿಕೆಯ ಲೆಕ್ಕದಲ್ಲಿ ಹಾಕುವವರ ಕೈಯಲ್ಲಿ ಮಿಲಿಗ್ರಾಂ ಎಂಬುದಕ್ಕೆ ಅರ್ಥವಿಲ್ಲ. ನಾಲಗೆಯೇ ಒಂದು ಸುಳಿವು ಕೊಡುತ್ತದೆ: ಸಿಹಿಯ ಹಿಂದೆಯೇ ಲೋಹದಂಥ ಕಹಿ ಬಂದು ಬಹಳ ಹೊತ್ತು ನಿಂತರೆ ಅದು ಸ್ಯಾಕರಿನ್ ಇರಬಹುದು.

ಸ್ಯಾಕರಿನ್ನಿಗೆ ಕ್ಯಾನ್ಸರಿನ ಅಪಖ್ಯಾತಿ ಅಂಟಿದ್ದು ಹೇಗೆಂದು ತಿಳಿಯುವುದು ಒಳ್ಳೆಯದು. ಕೆನಡಾದಲ್ಲಿ ಇಲಿಗಳಿಗೆ, ಅವುಗಳ ಮರಿಗಳಿಗೂ, ಜೀವನಪೂರ್ತಿ ಆಹಾರದ ಶೇಕಡಾ 5ರಷ್ಟು ಸ್ಯಾಕರಿನ್ ತಿನ್ನಿಸಿದಾಗ ಗಂಡು ಇಲಿಗಳ ಮೂತ್ರಕೋಶದಲ್ಲಿ ಗಡ್ಡೆಗಳು ಕಂಡವು. 1977ರಲ್ಲಿ ಅಮೆರಿಕ ಇದನ್ನು ನಿಷೇಧಿಸಲು ಹೊರಟಿತು. ಜನರ ಗಲಾಟೆಯಿಂದಾಗಿ ಅಲ್ಲಿನ ಸಂಸತ್ತು ನಿಷೇಧವನ್ನು ತಡೆಹಿಡಿದು ಎಚ್ಚರಿಕೆಯ ಚೀಟಿ ಹಚ್ಚಿಸಿತು. ಆಹಾರದ ಶೇಕಡಾ 5 ಎಂದರೆ ಎಷ್ಟು? ದಿನಕ್ಕೆ ಅರ್ಧ ಕಿಲೋ ಒಣ ಆಹಾರ ತಿನ್ನುವ ಮನುಷ್ಯನಿಗೆ 25 ಗ್ರಾಂ ಸ್ಯಾಕರಿನ್, ಅಂದರೆ ಸುಮಾರು 2,000 ಚಮಚ ಸಕ್ಕರೆಯ ಸಿಹಿ! ಮುಂದೆ ತಿಳಿದುಬಂದ ಸಂಗತಿ ಇನ್ನೂ ಮುಖ್ಯವಾದದ್ದು. ಗಂಡು ಇಲಿಯ ಮೂತ್ರದ ರಚನೆಯೇ ಬೇರೆ. ಅದರಲ್ಲಿ ಪ್ರೋಟೀನು, ಕ್ಯಾಲ್ಸಿಯಂ ಫಾಸ್ಫೇಟುಗಳು ಹೆಚ್ಚು. ಅತಿಯಾದ ಸ್ಯಾಕರಿನ್ ಜೊತೆಗೂಡಿ ಅಲ್ಲಿ ಸೂಕ್ಷ್ಮ ಹರಳುಗಳು ಮೂಡಿ ಮೂತ್ರಕೋಶದ ಒಳಪದರವನ್ನು ಗೀರುತ್ತವೆ. ಗೀರಿದ ಕಡೆ ಕೋಶಗಳು ಮತ್ತೆ ಮತ್ತೆ ಬೆಳೆದು ಗಡ್ಡೆಯಾಗುತ್ತವೆ. ಮನುಷ್ಯರಲ್ಲಿ ಹೀಗೆ ನಡೆಯುವುದಿಲ್ಲ. 1999ರಲ್ಲಿ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಸ್ಯಾಕರಿನ್ನನ್ನು ಶಂಕಿತರ ಪಟ್ಟಿಯಿಂದ ಕೆಳಗಿಳಿಸಿತು, 2000ದಲ್ಲಿ ಅಮೆರಿಕ ಎಚ್ಚರಿಕೆಯ ಚೀಟಿಯನ್ನು ತೆಗೆಯಿತು. ಸೈಕ್ಲಮೇಟಿಗೆ ಮಾತ್ರ 1969ರ ಅಮೆರಿಕದ ನಿಷೇಧ ಇಂದಿಗೂ ತೆರವಾಗಿಲ್ಲ. ನಮ್ಮ ದೇಶದ ಅನುಮತಿ ಪಟ್ಟಿಯಲ್ಲೂ ಅದು ಇಲ್ಲ.

ಆಸ್ಪರ್ಟೇಮಿನ ಕಥೆ ಇನ್ನೂ ಮುಗಿದಿಲ್ಲ. ಇದು ಎರಡು ಅಮೈನೊ ಆಮ್ಲಗಳನ್ನು ಜೋಡಿಸಿ ಕಟ್ಟಿದ ಅಣು. ಒಂದು ಆಸ್ಪಾರ್ಟಿಕ್ ಆಮ್ಲ, ಇನ್ನೊಂದು ಫಿನೈಲ್‌ಅಲನಿನ್. ತುದಿಯಲ್ಲಿ ಒಂದು ಪುಟ್ಟ ಮೀಥೈಲ್ ಬಾಲ. ಕರುಳಿನಲ್ಲಿ ಇದು ಮೂರಾಗಿ ಒಡೆಯುತ್ತದೆ. ಬಾಲದಿಂದ ಮೆಥನಾಲ್ ಬರುತ್ತದೆಂದು ಹೆದರಿಸುವವರಿದ್ದಾರೆ. ಬರುವುದು ನಿಜ, ಆದರೆ ಒಂದು ಲೋಟ ಟೊಮ್ಯಾಟೊ ರಸದಿಂದ ಬರುವುದು ಅದಕ್ಕಿಂತ ಹೆಚ್ಚು. ನಿಜವಾದ ಅಪಾಯ ಇರುವುದು ಫಿನೈಲ್‌ಕೀಟೊನ್ಯೂರಿಯ ಎಂಬ ಅಪರೂಪದ ಆನುವಂಶಿಕ ಕಾಯಿಲೆಯವರಿಗೆ. ಅವರ ದೇಹ ಫಿನೈಲ್‌ಅಲನಿನನ್ನು ಅರಗಿಸಲಾರದು, ಅದು ರಕ್ತದಲ್ಲಿ ಸೇರಿ ಮಗುವಿನ ಮಿದುಳಿನ ಬೆಳವಣಿಗೆಯನ್ನೇ ಕೆಡಿಸುತ್ತದೆ. ಡಬ್ಬಿಗಳ ಮೇಲೆ ಈ ಕಾಯಿಲೆಯವರಿಗೆ ತಕ್ಕುದಲ್ಲ ಎಂದು ಅಚ್ಚು ಹಾಕಿರುವುದು ಇದೇ ಕಾರಣಕ್ಕೆ. ಇನ್ನೊಂದು ಸಣ್ಣ ವಿಷಯ: ಕಾಯಿಸಿದರೆ ಆಸ್ಪರ್ಟೇಮ್ ಒಡೆದು ಸಿಹಿ ಕಳೆದುಕೊಳ್ಳುತ್ತದೆ. ಅದನ್ನು ಹಾಕಿ ಪಾಯಸ ಕುದಿಸಿದ ಮನೆಯವರು ಅಂಗಡಿಯವನ ಮೇಲೆ ಸಿಟ್ಟಾಗುವುದು ನ್ಯಾಯವಲ್ಲ. ಸುಕ್ರಲೋಸ್ ಬಿಸಿಯನ್ನು ಹೆಚ್ಚು ತಾಳುತ್ತದೆ. ಆದರೂ 120 ಡಿಗ್ರಿಗಿಂತ ಮೇಲೆ ಕಾಯಿಸಿದರೆ ಕ್ಲೋರಿನ್‌ಯುಕ್ತ ಹಾನಿಕರ ವಸ್ತುಗಳು ಹುಟ್ಟಬಹುದೆಂದು ಜರ್ಮನಿಯ ಅಪಾಯ ಮೌಲ್ಯಮಾಪನ ಸಂಸ್ಥೆ 2019ರಲ್ಲಿ ಎಚ್ಚರಿಸಿದೆ. ಕರಿಯುವ, ಬೇಕ್ ಮಾಡುವ ತಿಂಡಿಗೆ ಹಾಕದಿರುವುದೇ ಮೇಲು.

2023ರ ಜುಲೈ ತಿಂಗಳಲ್ಲಿ ‘ಆಸ್ಪರ್ಟೇಮಿನಿಂದ ಕ್ಯಾನ್ಸರ್’ ಎಂದು ಪತ್ರಿಕೆಗಳು ದಪ್ಪ ಅಕ್ಷರದಲ್ಲಿ ಬರೆದವು. ನಡೆದದ್ದು ಇಷ್ಟು. ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಆಸ್ಪರ್ಟೇಮನ್ನು ‘ಬಹುಶಃ ಕ್ಯಾನ್ಸರ್‌ಕಾರಕವಾಗಿರಬಹುದು’ ಎಂಬ ಗುಂಪಿಗೆ ಸೇರಿಸಿತು. ಅದೇ ದಿನ ಆಹಾರ ತಜ್ಞರ ಸಮಿತಿ ‘40 ಮಿಲಿಗ್ರಾಮಿನ ಮಿತಿಯನ್ನು ಬದಲಿಸಲು ಕಾರಣವಿಲ್ಲ’ ಎಂದಿತು. ಒಂದೇ ಮನೆಯ ಇಬ್ಬರು ಎರಡು ಮಾತು ಆಡಿದಂತೆ ಕಾಣುತ್ತದೆ. ಆದರೆ ಅವರು ಉತ್ತರಿಸಿದ್ದು ಎರಡು ಬೇರೆ ಪ್ರಶ್ನೆಗಳಿಗೆ. ಮೊದಲನೆಯವರ ಪ್ರಶ್ನೆ, ಈ ವಸ್ತುವಿಗೆ ಎಂದಾದರೂ, ಯಾವುದೇ ಪ್ರಮಾಣದಲ್ಲಾದರೂ, ಕ್ಯಾನ್ಸರ್ ತರುವ ಶಕ್ತಿ ಇದ್ದೀತೇ ಎಂಬುದು. ಎರಡನೆಯವರದು, ಜನ ಸೇವಿಸುವ ಪ್ರಮಾಣದಲ್ಲಿ ಅಪಾಯ ಎಷ್ಟು ಎಂಬುದು. ತುಂಗಭದ್ರೆಯಲ್ಲಿ ಮೊಸಳೆ ಇದೆ ಎಂಬುದು ಒಂದು ಮಾತು. ಹೊಸಪೇಟೆಯ ಬೀದಿಯಲ್ಲಿ ನಡೆಯುವವನನ್ನು ಮೊಸಳೆ ಹಿಡಿಯುವ ಸಾಧ್ಯತೆ ಎಷ್ಟು ಎಂಬುದು ಇನ್ನೊಂದು. ಆಸ್ಪರ್ಟೇಮಿರುವ ಅದೇ ಗುಂಪಿನಲ್ಲಿ ಪೂರ್ವ ಏಷ್ಯದ ಸಾಂಪ್ರದಾಯಿಕ ತರಕಾರಿ ಉಪ್ಪಿನಕಾಯಿಯೂ ಇದೆ.

ಹಾಗಾದರೆ ಚಿಂತೆಯೇ ಬೇಡವೇ? ನನ್ನ ಮಟ್ಟಿಗೆ ಈ ವಿಷಯದಲ್ಲಿ ಕ್ಯಾನ್ಸರಿನ ಮಾತೇ ಹೆಚ್ಚು ಸದ್ದು ಮಾಡಿ, ಅದಕ್ಕಿಂತ ಮುಖ್ಯವಾದ ಪ್ರಶ್ನೆಯನ್ನು ಮರೆಸಿದೆ. ಯಾವ ಉದ್ದೇಶಕ್ಕಾಗಿ ಜನ ಇವುಗಳನ್ನು ತಿನ್ನುತ್ತಾರೋ ಆ ಉದ್ದೇಶ ಈಡೇರುತ್ತದೆಯೇ?

300 ಮಿಲಿಲೀಟರ್ ಮಾಮೂಲಿ ಕೋಲಾ ಪಾನೀಯದಲ್ಲಿ 30 ಗ್ರಾಮಿಗೂ ಹೆಚ್ಚು, ಅಂದರೆ ಆರು ಚಮಚಕ್ಕೂ ಮೀರಿ ಸಕ್ಕರೆ ಇರುತ್ತದೆ. ಇದನ್ನು ಕಣ್ಣಾರೆ ಕಾಣಬೇಕಾದರೆ ಒಂದೇ ಗಾತ್ರದ ಮಾಮೂಲಿ ಡಬ್ಬಿ ಮತ್ತು ಡಯಟ್ ಡಬ್ಬಿಗಳನ್ನು ಬಕೆಟ್ ನೀರಿಗೆ ಬಿಡಿ. ಸಾಮಾನ್ಯವಾಗಿ ಮೊದಲನೆಯದು ಮುಳುಗುತ್ತದೆ, ಎರಡನೆಯದು ತೇಲುತ್ತದೆ. ಸಕ್ಕರೆಯ ಭಾರ ಅಷ್ಟು. ಇಷ್ಟು ಸಕ್ಕರೆ ತಪ್ಪಿದರೆ ತೂಕ ಇಳಿಯಬೇಕಲ್ಲವೇ? ಕೆಲವು ತಿಂಗಳ ಪ್ರಯೋಗಗಳಲ್ಲಿ ಸ್ವಲ್ಪ ಇಳಿಯುವುದು ಕಂಡಿದೆ. ಆದರೆ ಜನರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನಗಳಲ್ಲಿ ಲಾಭ ಉಳಿದಿಲ್ಲ. ಬದಲಿಗೆ ಹೆಚ್ಚು ಸಿಹಿಕಾರಕ ಬಳಸುವವರಲ್ಲಿ ಮಧುಮೇಹ, ಹೃದ್ರೋಗಗಳು ತುಸು ಹೆಚ್ಚಾಗಿಯೇ ಕಂಡಿವೆ. 2022ರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಫ್ರೆಂಚ್ ವಯಸ್ಕರ ಅಧ್ಯಯನವೊಂದು ಕ್ಯಾನ್ಸರಿನ ಜೊತೆಗೂ ಇಂಥ ನಂಟನ್ನು ತೋರಿಸಿತು.

ಇಲ್ಲಿ ವಿದ್ಯಾರ್ಥಿಗಳು ಒಂದು ಕ್ಷಣ ನಿಲ್ಲಬೇಕು. ನಂಟು ಬೇರೆ, ಕಾರಣ ಬೇರೆ. ಆಸ್ಪತ್ರೆಯ ಮುಂದೆ ರೋಗಿಗಳು ಹೆಚ್ಚು ಕಾಣುತ್ತಾರೆಂದು ಆಸ್ಪತ್ರೆಯೇ ರೋಗ ತಂದಿತೆನ್ನಲಾಗದು. ತೂಕ ಹೆಚ್ಚಿದವರು, ಮನೆತನದಲ್ಲಿ ಮಧುಮೇಹ ಇರುವವರು ಹೆದರಿ ಸಿಹಿಕಾರಕಕ್ಕೆ ತಿರುಗಿರಬಹುದು. ಆಗ ಕಾಯಿಲೆಯ ಸಾಧ್ಯತೆ ಗುಳಿಗೆಗಿಂತ ಮೊದಲೇ ಅವರಲ್ಲಿತ್ತು. ಆದರೆ ಇನ್ನೊಂದು ದಿಕ್ಕಿನ ಸಾಕ್ಷ್ಯವೂ ಇದೆ. ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ವಿಜ್ಞಾನಿಗಳು 2014ರಲ್ಲಿ ಇಲಿಗಳಲ್ಲೂ, 2022ರಲ್ಲಿ 120 ಮಂದಿ ಆರೋಗ್ಯವಂತ ವಯಸ್ಕರಲ್ಲೂ ಪ್ರಯೋಗ ನಡೆಸಿದರು. ಎರಡೇ ವಾರ, ಅದೂ ಮಿತಿಯೊಳಗಿನ ಪ್ರಮಾಣದಲ್ಲಿ ಸೇವಿಸಿದಾಗ, ಸ್ಯಾಕರಿನ್ ಮತ್ತು ಸುಕ್ರಲೋಸ್ ಹಲವರ ಕರುಳಿನ ಸೂಕ್ಷ್ಮಜೀವಿಗಳ ಸ್ವರೂಪವನ್ನು ಬದಲಿಸಿ, ರಕ್ತದ ಸಕ್ಕರೆ ಮೊದಲಿಗಿಂತ ಹೆಚ್ಚು ಏರುವಂತೆ ಮಾಡಿದವು. ಎಲ್ಲರಲ್ಲೂ ಒಂದೇ ತೆರನಾಗಿ ಅಲ್ಲ. ಇದನ್ನೆಲ್ಲ ತೂಗಿ ನೋಡಿದ ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ ತಿಂಗಳಲ್ಲಿ, ತೂಕ ಇಳಿಸುವ ಸಾಧನವಾಗಿ ಸಿಹಿಕಾರಕಗಳನ್ನು ಬಳಸಬಾರದೆಂದು ಸಲಹೆ ನೀಡಿತು. ಸಾಕ್ಷ್ಯ ಪೂರ್ಣವಲ್ಲದ ಕಾರಣ ಇದು ಷರತ್ತುಬದ್ಧ ಸಲಹೆ ಎಂದೂ, ಈಗಾಗಲೇ ಮಧುಮೇಹ ಇರುವವರಿಗೆ ಇದು ಅನ್ವಯಿಸುವುದಿಲ್ಲವೆಂದೂ ಸ್ಪಷ್ಟಪಡಿಸಿತು.

ಆ ಕೊನೆಯ ವಾಕ್ಯವನ್ನು ಬಿಟ್ಟು ಉಳಿದದ್ದನ್ನಷ್ಟೇ ಓದಿದವರು ಅಜ್ಜನ ಡಬ್ಬಿಯನ್ನು ಕಿತ್ತೆಸೆದು ‘ಬೆಲ್ಲ ಹಾಕಿಕೊಳ್ಳಿ, ಅದು ನೈಸರ್ಗಿಕ’ ಎಂದು ಉಪದೇಶಿಸುತ್ತಾರೆ. ನಮ್ಮ ಭಾಗದಲ್ಲಿ ಇದು ತೀರ ಸಾಮಾನ್ಯವಾದ ತಪ್ಪು. ಬೆಲ್ಲದಲ್ಲಿ ಸ್ವಲ್ಪ ಕಬ್ಬಿಣ, ಖನಿಜಾಂಶ ಇರುವುದು ನಿಜ. ಆದರೆ ಅದರ ಬಹುಪಾಲು ಸಕ್ಕರೆಯೇ. ಮಧುಮೇಹಿಯ ರಕ್ತಕ್ಕೆ ಬೆಲ್ಲ, ಸಕ್ಕರೆ, ಜೇನುಗಳ ನಡುವೆ ಹೇಳಿಕೊಳ್ಳುವಂಥ ಭೇದ ತಿಳಿಯುವುದಿಲ್ಲ. ಕಂಪ್ಲಿಯ ಆಲೆಮನೆಯ ಬೆಲ್ಲದ ಮೇಲಿನ ಅಭಿಮಾನ ನನಗೂ ಇದೆ, ಆದರೆ ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ದಿನಕ್ಕೆ ಎರಡು ಲೋಟ ಚಹಾದಲ್ಲಿ ಎರಡು ಗುಳಿಗೆ ಹಾಕಿಕೊಳ್ಳುವ ಮಧುಮೇಹಿ ಯಾವ ಮಿತಿಯ ಹತ್ತಿರಕ್ಕೂ ಹೋಗುವುದಿಲ್ಲ. ಅಷ್ಟರಿಂದ ಸಕ್ಕರೆ ತಪ್ಪಿದರೆ ಅವರಿಗೆ ಲಾಭವೇ. ಮೋಸವಿರುವುದು ‘ಶುಗರ್‌ಫ್ರೀ’ ಎಂಬ ಹಲಗೆ ಹಾಕಿದ ಸಿಹಿತಿಂಡಿಯಲ್ಲಿ. ಸಕ್ಕರೆ ಇಲ್ಲದಿದ್ದರೂ ಮೈದಾ, ಖೋವ, ತುಪ್ಪ ಇದ್ದೇ ಇವೆ. ಮೈದಾ ಹೊಟ್ಟೆಯಲ್ಲಿ ಸಕ್ಕರೆಯೇ ಆಗುತ್ತದೆ. ಮಾಲ್ಟಿಟಾಲ್, ಸಾರ್ಬಿಟಾಲ್‌ಗಳಂಥ ಸಕ್ಕರೆ-ಆಲ್ಕೊಹಾಲುಗಳನ್ನು ಹಾಕಿದ್ದರೆ ಅವುಗಳಲ್ಲೂ ಕ್ಯಾಲೊರಿ ಇದೆ, ಹೆಚ್ಚಾದರೆ ಭೇದಿಯೂ ಆಗುತ್ತದೆ.

ನೈಸರ್ಗಿಕ ಎಂಬ ಪದ ಬಂದದ್ದರಿಂದ ಇನ್ನೆರಡು ಮಾತು. ಪರಾಗ್ವೆ ದೇಶದ ಸ್ಟೀವಿಯ ಗಿಡದ ಎಲೆ ಬಹಳ ಸಿಹಿ. ಅದರಿಂದ ಶುದ್ಧೀಕರಿಸಿದ ಸಾರಕ್ಕೆ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಅನುಮತಿ ನೀಡಿತು. ನಮ್ಮ ಗುಲಗಂಜಿಯ ಎಲೆಯೂ ಸಿಹಿಯೇ. ಆದರೆ ಅದೇ ಬಳ್ಳಿಯ ಕೆಂಪು ಕಾಳು ಪ್ರಾಣ ತೆಗೆಯುವ ವಿಷ. ಕೆಮ್ಮಿಗೆ ಚೀಪುವ ಜ್ಯೇಷ್ಠಮಧುವಿನ ಬೇರಿನ ಸಿಹಿಸತ್ವ ಸಕ್ಕರೆಗಿಂತ ಸುಮಾರು 50 ಪಟ್ಟು ಸಿಹಿ. ದಿನವೂ ಹೆಚ್ಚಾಗಿ ತಿಂದರೆ ರಕ್ತದೊತ್ತಡ ಏರಿ ಪೊಟ್ಯಾಸಿಯಂ ಇಳಿಯುತ್ತದೆ. ಹಣ್ಣುಗಳಲ್ಲೂ ಅಲ್ಪ ಪ್ರಮಾಣದಲ್ಲಿ ಸಿಗುವ ಎರಿತ್ರಿಟಾಲ್ ರಕ್ತ ಹೆಪ್ಪುಗಟ್ಟುವುದನ್ನು ಹೆಚ್ಚಿಸಬಹುದೆಂದು 2023ರ ಅಧ್ಯಯನವೊಂದು ಸೂಚಿಸಿದೆ. ಗಿಡದಿಂದ ಬಂದದ್ದೋ ಕೊಳವೆಯಿಂದ ಬಂದದ್ದೋ ಎಂಬುದನ್ನು ದೇಹ ಕೇಳುವುದಿಲ್ಲ.

ಶಾಲೆಯ ಸುತ್ತಮುತ್ತಲಿನ ಗೂಡಂಗಡಿಗಳಲ್ಲಿ ತೂಗುವ ಸಿಹಿ ಅಡಿಕೆಯ ಪೊಟ್ಟಣಗಳ ಬಗ್ಗೆ ಹೇಳದೆ ಈ ಲೇಖನ ಮುಗಿಸುವುದು ಸರಿಯಲ್ಲ. ಅವುಗಳ ಸಿಹಿ ಬಹುತೇಕ ಸ್ಯಾಕರಿನ್ನಿನದು. ಕಾನೂನು ಇದಕ್ಕೆ ಅವಕಾಶ ಕೊಟ್ಟಿದೆ, ಪಾನೀಯಗಳಿಗಿಂತ ಹತ್ತಾರು ಪಟ್ಟು ಹೆಚ್ಚಿನ ಪ್ರಮಾಣಕ್ಕೆ. ಆ ಪುಟ್ಟ ಪೊಟ್ಟಣದ ಸ್ಯಾಕರಿನ್ ಕೆಲವೇ ಮಿಲಿಗ್ರಾಂ, ಅದರಿಂದ ದೊಡ್ಡ ಕೆಡುಕಿಲ್ಲ. ಕೆಡುಕಿರುವುದು ಅದು ಮರೆಮಾಚುವ ಅಡಿಕೆಯಲ್ಲಿ. ತಂಬಾಕು ಇಲ್ಲದಿದ್ದರೂ ಅಡಿಕೆಯೇ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆಂದು ಅದೇ ಅಂತಾರಾಷ್ಟ್ರೀಯ ಸಂಸ್ಥೆ 2004ರಲ್ಲೇ ಖಚಿತವಾಗಿ ಹೇಳಿದೆ. ‘ಬಹುಶಃ’ ಎಂಬ ಪದ ಅಲ್ಲಿಲ್ಲ. ಒಗರಾದ ಅಡಿಕೆಯನ್ನು ಹತ್ತು ವರ್ಷದ ಹುಡುಗ ತಾನಾಗಿ ಬಾಯಿಗೆ ಹಾಕಿಕೊಳ್ಳುವುದಿಲ್ಲ. ಸಿಹಿ ಸವರಿದರೆ ಹಾಕಿಕೊಳ್ಳುತ್ತಾನೆ. ಬಾಯಿ ಪೂರ್ತಿ ತೆರೆಯಲಾಗದ ಸ್ಥಿತಿಗೆ ಬಂದಾಗಲೇ ಮನೆಯವರಿಗೆ ತಿಳಿಯುವುದು.

ಕೊನೆಗೆ, ಸಿಹಿಕಾರಕದಿಂದ ಎಂದಿಗೂ ಆಗದ ಎರಡು ಕೆಲಸಗಳನ್ನು ಹೇಳಬೇಕು, ಏಕೆಂದರೆ ಇವುಗಳಲ್ಲಿ ತಪ್ಪಿದರೆ ಪ್ರಾಣಕ್ಕೇ ಸಂಚಕಾರ. ಇನ್ಸುಲಿನ್ ಅಥವಾ ಕೆಲವು ಬಗೆಯ ಮಾತ್ರೆ ತೆಗೆದುಕೊಳ್ಳುವ ಮಧುಮೇಹಿ ಊಟ ತಪ್ಪಿಸಿ ಸಂಡೂರಿನ ಬೆಟ್ಟ ಹತ್ತಿದರೋ, ಹಂಪಿಯ ಬಿಸಿಲಿನಲ್ಲಿ ಹೊತ್ತುಗಟ್ಟಲೆ ಸುತ್ತಿದರೋ, ರಕ್ತದ ಸಕ್ಕರೆ ದಿಢೀರನೆ ಕುಸಿಯಬಹುದು. ಬೆವರು, ನಡುಕ, ಮಾತಿನ ತೊದಲು, ಗೊಂದಲ ಇವು ಅದರ ಲಕ್ಷಣಗಳು. ಆಗ ಅವರಿಗೆ ಬೇಕಾದದ್ದು ನಿಜವಾದ ಸಕ್ಕರೆ. ಎಚ್ಚರವಿದ್ದು ನುಂಗಬಲ್ಲವರಾದರೆ ಮೂರು ನಾಲ್ಕು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ. ಡಯಟ್ ಪಾನೀಯವಾಗಲಿ, ಗುಳಿಗೆ ಹಾಕಿದ ಚಹಾವಾಗಲಿ ಬಾಯಿಗೆ ಸಿಹಿ, ರಕ್ತಕ್ಕೆ ಶೂನ್ಯ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಕೂಡಲೇ ಆಸ್ಪತ್ರೆಗೆ ಸೇರಿಸಬೇಕು.

ಎರಡನೆಯದು ವಾಂತಿಭೇದಿ. ಮರುಜಲೀಕರಣ ದ್ರಾವಣದಲ್ಲಿ ಸಕ್ಕರೆ ಇರುವುದು ರುಚಿಗಲ್ಲ. ಸಣ್ಣ ಕರುಳಿನ ಗೋಡೆಯಲ್ಲಿ ಗ್ಲೂಕೋಸನ್ನೂ ಉಪ್ಪಿನ ಸೋಡಿಯಂ ಅನ್ನೂ ಜೊತೆಯಲ್ಲೇ ಒಳಗೆ ಕರೆದೊಯ್ಯುವ ವಾಹಕವೊಂದಿದೆ. ಅವೆರಡು ಒಳಗೆ ಹೋದರೆ ನೀರು ಹಿಂಬಾಲಿಸುತ್ತದೆ. ಗ್ಲೂಕೋಸ್ ಇಲ್ಲದಿದ್ದರೆ ಆ ಬಾಗಿಲು ತೆರೆಯುವುದಿಲ್ಲ, ಸ್ಯಾಕರಿನ್ನಿಗೂ ಸುಕ್ರಲೋಸಿಗೂ ಆ ಬಾಗಿಲಲ್ಲಿ ಪ್ರವೇಶವಿಲ್ಲ. ಪೊಟ್ಟಣ ಸಿಗದ ಊರಿನಲ್ಲಿ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಮಟ್ಟಸವಾದ ಆರು ಚಿಕ್ಕ ಚಮಚ ಸಕ್ಕರೆ, ಅರ್ಧ ಚಿಕ್ಕ ಚಮಚ ಉಪ್ಪು ಹಾಕಿ ಕರಗಿಸಿ, ಮಗುವಿಗೆ ಗುಟುಕು ಗುಟುಕಾಗಿ ಕುಡಿಸುತ್ತಿರಬೇಕು.